ಟ್ರಿವೇಂಡ್ರಂ ಕರೆಯುತ್ತಿದೆ, ಎರ್ಣಾಕುಳಂ

ಶನಿವಾರ ಬೆಳಿಗ್ಗೆ ತಿಂಡಿಯ ತಟ್ಟೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ತುಂಗಾ ಫೋನಿನ ಮುಂದೆ ಕೂರುತ್ತಿದ್ದರು. ತಿರುವನಂತಪುರದ ಪಟ್ಟಂನಲ್ಲಿರುವ ಆ ಮನೆಯಲ್ಲಿ ಲ್ಯಾಂಡ್‌ಲೈನ್ ಉಳಿದಿದ್ದೇ ಈ ಒಂದು ಕರೆಗಾಗಿ. ಮಗ ಸುಜನ್ ಅದನ್ನು ತೆಗೆಸಲು ಹೊರಟಾಗಲೆಲ್ಲ ಸೋತು ಸುಮ್ಮನಾಗಿದ್ದ. ಆ ಕಡೆ, ಫೋರ್ಟ್ ಕೊಚ್ಚಿಯಲ್ಲಿ, ರಿಸೀವರ್ ಎತ್ತುತ್ತಿದ್ದವರು ಜುಬೈದಾ. ಇಬ್ಬರೂ ಹೆಸರು ಹಿಡಿದು ಕರೆದುಕೊಂಡವರಲ್ಲ.

“ಟ್ರಿವೇಂಡ್ರಂ.”

“ಎರ್ಣಾಕುಳಂ.”

ಅಷ್ಟಾದರೆ ಸಾಕು, ಉಳಿದ ಮಾತು ತಾನಾಗಿ ಹರಿಯುತ್ತಿತ್ತು. ಸೊಸೆಯಂದಿರು, ಮೊಣಕಾಲು, ಮೀನಿನ ಬೆಲೆ, ಸತ್ತವರು, ಸಾಯದೆ ಸತಾಯಿಸುತ್ತಿರುವವರು. ಮಾತು ಮಲಯಾಳದಲ್ಲಿ, ಬೈಗುಳ ಇಂಗ್ಲಿಷಿನಲ್ಲಿ, ಲೆಕ್ಕ ಮಾತ್ರ ಕನ್ನಡದಲ್ಲಿ.

ಕಳೆದ ಮಳೆಗಾಲದಲ್ಲಿ ಅದು ನಿಂತುಹೋಯಿತು. ಜುಬೈದಾರಿಗೆ ಜ್ವರ ಬಂತು. ಫೋನು ಎತ್ತಿದ್ದು ಸೊಸೆ ರಮ್ಲತ್. “ಉಮ್ಮ ಮಲಗಿದ್ದಾರೆ ಆಂಟಿ.” ಮುಂದಿನ ವಾರವೂ ಉಮ್ಮ ಮಲಗಿದ್ದರು. ಅದರ ಮುಂದಿನ ವಾರವೂ. ಕೊನೆಗೊಂದು ಶನಿವಾರ ತುಂಗಾ ತಮ್ಮ ಹಳೆಯ ಕೆಲಸದ ಗತ್ತಿನಲ್ಲಿ ಕೇಳಿದರು: “ನೋಡು ಮೋಳೇ, ಲೈನ್ ಬ್ಯುಸಿಯಾ, ಇಲ್ಲ ಕಟ್ ಆಗಿದೆಯಾ? ಸರಿಯಾಗಿ ಹೇಳು.”

“ಕಿವಿ ಹೋಯಿತು ಆಂಟಿ. ಒಂದು ಮೊದಲೇ ಹೋಗಿತ್ತಲ್ಲ, ಈಗ ಇನ್ನೊಂದೂ. ಮಿಷನ್ ಹಾಕಿಯೂ ಪ್ರಯೋಜನ ಇಲ್ಲ ಅಂದರು.”

“ಮಾತು?”

“ಗಂಟಲಿಗೆ ಏನೂ ಆಗಿಲ್ಲ ಅಂತಾರೆ ಡಾಕ್ಟರು. ಆದರೆ ಉಮ್ಮ ಬಾಯಿ ಬಿಡುವುದಿಲ್ಲ. ಬೇಕಾದ್ದನ್ನು ಸ್ಲೇಟಿನಲ್ಲಿ ಬರೀತಾರೆ. ಚಹಾ. ಬೇಡ. ಫ್ಯಾನ್ ಹಾಕು. ಅಷ್ಟೇ.”

ತುಂಗಾ ರಿಸೀವರ್ ಇಟ್ಟರು. ಎಂಬತ್ತನಾಲ್ಕರ ಅವರ ಕಿವಿ ಇನ್ನೂ ಚೆನ್ನಾಗಿತ್ತು. ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಆ ಮನೆಯಾಕೆಗೆ ಹೇಳುವಷ್ಟು ಚೆನ್ನಾಗಿತ್ತು. ಆ ಕಿವಿಗೆ ಇನ್ನು ಬೇಕಾಗಿದ್ದುದು ಒಂದೇ ದನಿ.

*

ತುಂಗಾ ಹುಟ್ಟಿದ್ದು ಕಾಸರಗೋಡು ಪೇಟೆಯಲ್ಲಿ, ಬಾಡಿಗೆ ಮನೆಯಲ್ಲಿ. ತಂದೆ ಉಮಾಮಹೇಶ್ವರ ಕನ್ನಡ ಶಾಲೆಯ ಮಾಸ್ತರು. ಮಗಳಿಗೆ ಹದಿನೈದು ತುಂಬಿದ ವರ್ಷ, ೧೯೫೬ರ ನವೆಂಬರಿನಲ್ಲಿ, ರಾಜ್ಯಗಳ ಗೆರೆಗಳನ್ನು ಹೊಸದಾಗಿ ಎಳೆದರು. ಕಾಸರಗೋಡು ಕೇರಳಕ್ಕೆ ಹೋಯಿತು. ಮಾಸ್ತರು ಕಪ್ಪು ಪಟ್ಟಿ ಕಟ್ಟಿಕೊಂಡು ಪ್ರತಿಭಟನೆಯ ಮೆರವಣಿಗೆಯಲ್ಲಿ ನಡೆದರು, ಕೂಗಿ ಕೂಗಿ ಗಂಟಲು ಕೆಡಿಸಿಕೊಂಡರು. ಬರುವ ದಾರಿಯಲ್ಲಿ ಮಗಳಿಗೊಂದು ಮಲಯಾಳದ ಬಾಲಪಾಠ ಕೊಂಡು ತಂದರು.

“ಇದೆಂತ ಅಪ್ಪಾ, ನೀವೇ ಬೇಡ ಅಂತ ಕೂಗಿ ಬಂದದ್ದಲ್ವಾ?”

“ಕೂಗಿದ್ದು ನನ್ನ ಕೆಲಸ, ಕಲಿಯುವುದು ನಿನ್ನ ಕೆಲಸ,” ಎಂದರು ಮಾಸ್ತರು, ಒಡೆದ ದನಿಯಲ್ಲಿ. “ಎರಡನ್ನೂ ಸರಿಯಾಗಿ ಮಾಡುವ.”

ಆ ಗೆರೆ ಎಳೆಯದೆ ಇದ್ದಿದ್ದರೆ ತುಂಗಾ ಮಂಗಳೂರಿನ ಕಡೆಗೆ ಹೋಗುತ್ತಿದ್ದರೇನೋ. ಗೆರೆ ಬಿದ್ದದ್ದರಿಂದ ದಕ್ಷಿಣಕ್ಕೆ ಬಂದರು. ೧೯೬೧ರಲ್ಲಿ ಅಂಚೆ ತಂತಿ ಇಲಾಖೆ ಟೆಲಿಫೋನ್ ಆಪರೇಟರುಗಳನ್ನು ಆರಿಸುತ್ತಿತ್ತು. ಕನ್ನಡ, ತುಳು, ಮಲಯಾಳ, ಇಂಗ್ಲಿಷ್ ನಾಲ್ಕೂ ಬಲ್ಲ ಹುಡುಗಿ ತಿರುವನಂತಪುರದ ಟ್ರಂಕ್ ಎಕ್ಸ್‌ಚೇಂಜಿಗೆ ನೇಮಕವಾದಳು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಅಮ್ಮ ಕೊಟ್ಟ ಮಿಡಿ ಉಪ್ಪಿನಕಾಯಿಯ ಭರಣಿ. ಭರಣಿ ದಾರಿಯಲ್ಲಿ, ಶೋರನೂರಿನಲ್ಲಿ, ಒಡೆಯಿತು. ಹೊಸ ಊರಿನಲ್ಲಿ ಇಳಿದಾಗ ಹಾಸಿಗೆಯಿಂದ ಮನೆಯ ವಾಸನೆ ಬರುತ್ತಿತ್ತು. ತೊಳೆಯಲು ಮನಸ್ಸು ಬರಲಿಲ್ಲವಂತೆ.

ಆ ಕಾಲದಲ್ಲಿ ಬೇರೆ ಊರಿಗೆ ಫೋನು ಮಾಡುವುದೆಂದರೆ ಮೊದಲು ಎಕ್ಸ್‌ಚೇಂಜಿಗೆ ಹೇಳಿ ಕಾಯಬೇಕು. ಕಾಯುವುದರಲ್ಲೂ ದರ್ಜೆಗಳಿದ್ದವು: ಆರ್ಡಿನರಿ, ಅರ್ಜೆಂಟ್, ಎಲ್ಲಕ್ಕೂ ಮೇಲೆ ಲೈಟ್ನಿಂಗ್. ಗೋಡೆಯುದ್ದದ ಬೋರ್ಡು, ಅದರ ತುಂಬ ತೂತುಗಳು, ತೂತಿಗೊಂದು ಪುಟ್ಟ ದೀಪ. ಅದರ ಮುಂದೆ ಸಾಲಾಗಿ ಹುಡುಗಿಯರು. ತಲೆಗೆ ಕಿವಿಯ ಪಟ್ಟಿ, ಎದೆಗೆ ಕಟ್ಟಿದ ಕೊಂಬಿನಂಥ ಮೌತ್‌ಪೀಸ್. ದೀಪ ಹತ್ತಿದ ಕಡೆ ತಂತಿಹಗ್ಗದ ತುದಿ ಚುಚ್ಚಬೇಕು, ಕೇಳಬೇಕು, ಆಚೆಯ ಊರಿನ ಆಪರೇಟರನ್ನು ಕರೆಯಬೇಕು. ಮೂರು ನಿಮಿಷಕ್ಕೊಮ್ಮೆ ನಡುವೆ ಬಾಯಿ ಹಾಕಿ ಹೇಳಬೇಕು: “ತ್ರೀ ಮಿನಿಟ್ಸ್. ಎಕ್ಸ್‌ಟೆಂಡ್ ಮಾಡುವುದೇ?”

ಎರ್ಣಾಕುಳಂ ಸಾಲಿಗೆ, ಅಂದರೆ ಆ ಊರಿನ ಲೈನಿಗೆ, ಕೂರಿಸಿದ ದಿನ ತುಂಗಾರ ಕಿವಿಗೆ ಬಿದ್ದ ದನಿ ಜುಬೈದಾರದು. ಬಂದರಿನಲ್ಲಿ ಸರಕಿನ ಗುಮಾಸ್ತರಾಗಿದ್ದವರ ಮಗಳು, ವಯಸ್ಸಿನಲ್ಲಿ ಒಂದು ವರ್ಷ ಚಿಕ್ಕವಳು. ಆದರೆ ದನಿ ಕೇಳಿದರೆ ಯಾರಾದರೂ ಎದ್ದು ನಿಲ್ಲಬೇಕು. ಮಾಗಿದ, ಅವಸರವಿಲ್ಲದ, ತುಸು ನಗುವನ್ನು ಅಡಿಯಲ್ಲಿಟ್ಟುಕೊಂಡ ದನಿ. ಎರ್ಣಾಕುಳಂನ ವ್ಯಾಪಾರಿಗಳು ಕರೆ ಸಿಗದಿದ್ದರೂ ಪರವಾಗಿಲ್ಲ, ‘ಸಿಗಲಿಲ್ಲ’ ಎಂದು ಆಕೆಯ ಬಾಯಲ್ಲಿ ಕೇಳಿದರೆ ಸಾಕು ಎನ್ನುತ್ತಿದ್ದರಂತೆ. ಜುಬೈದಾರಿಗೂ ಅದು ಗೊತ್ತಿತ್ತು. ಐಸ್ ನೀರು ಕುಡಿಯುತ್ತಿರಲಿಲ್ಲ, ತಂಪು ಗಾಳಿಯಲ್ಲಿ ಕುತ್ತಿಗೆ ಮುಚ್ಚಿಕೊಳ್ಳುತ್ತಿದ್ದರು, ಮನೆಯಲ್ಲಿ ಜಗಳವಾದರೂ ದನಿ ಏರಿಸುತ್ತಿರಲಿಲ್ಲ. ಬೇರೆ ಹುಡುಗಿಯರು ಮುಖಕ್ಕೆ ಮಾಡಿಕೊಳ್ಳುತ್ತಿದ್ದ ಆರೈಕೆ ಈಕೆ ಗಂಟಲಿಗೆ ಮಾಡಿಕೊಂಡರು.

ಪಾಳಿಯ ಆರಂಭಕ್ಕೆ ಪ್ರತಿ ಸಾಲನ್ನೂ ಪರೀಕ್ಷಿಸಬೇಕಿತ್ತು. ಒಬ್ಬಳು ಒಂದರಿಂದ ಐದು ಎಣಿಸಬೇಕು, ಆಚೆಯವಳು ಆರರಿಂದ ಹತ್ತು. ತುಂಗಾ ಕನ್ನಡದಲ್ಲಿ ಎಣಿಸಿದರು, ಸುಮ್ಮನೆ ತಮಾಷೆಗೆ. ವಾರ ಕಳೆಯುವುದರೊಳಗೆ ಆ ಮಾಗಿದ ದನಿ ಕನ್ನಡದಲ್ಲೇ ಮುಂದುವರಿಸಿತು: “ಆರು, ಏಳು, ಎಂಟು, ಒಂಬತ್ತು, ಹತ್ತು.” ಜುಬೈದಾ ತಮ್ಮ ಬದುಕಿನಲ್ಲಿ ಕಲಿತ ಕನ್ನಡ ಅಷ್ಟೇ, ಆರರಿಂದ ಹತ್ತರವರೆಗೆ. ಒಂದರಿಂದ ಐದು ಇವತ್ತಿಗೂ ಬಾರದು.

ಆಪರೇಟರುಗಳು ತಮ್ಮಲ್ಲಿ ಹರಟುವುದು ಅಪರಾಧ. ಬೆನ್ನ ಹಿಂದೆ ಕಮಲ ಎಂಬ ಮೇಲ್ವಿಚಾರಕಿ ಓಡಾಡುತ್ತಿದ್ದರು, ಬೇಕೆಂದಾಗ ಯಾವ ಸಾಲಿಗಾದರೂ ಕಿವಿ ಕೊಡುತ್ತಿದ್ದರು. ಹಾಗಾಗಿ ಹುಡುಗಿಯರು ಪೆನ್ಸಿಲಿನಲ್ಲಿ ಮಾತಾಡಲು ಕಲಿತರು. ಮೌತ್‌ಪೀಸಿಗೆ ಪೆನ್ಸಿಲಿನಿಂದ ಒಂದು ತಟ್ಟು ಅಂದರೆ ‘ಜೋರಾಗಿ ಹೇಳು’. ಎರಡು ತಟ್ಟು, ‘ಮೆಲ್ಲಗೆ’. ಉಗುರಿನಿಂದ ಒಂದು ಗೀರು ಎಳೆದರೆ ‘ಸರಿಯಾಗಿದೆ, ಮುಂದೆ ಹೋಗು’. ತಲೆಯ ಪಟ್ಟಿಯಲ್ಲಿ ಪ್ರತಿಯೊಬ್ಬಳಿಗೂ ತನ್ನ ದನಿ ಸಣ್ಣಗೆ ಕೇಳುತ್ತಿತ್ತು, ಅದನ್ನು ಕೇಳಿಕೊಂಡೇ ಮಾತಾಡಬೇಕು. ಆದರೆ ಅದು ಆಚೆಯ ಊರಿಗೆ ಹೇಗೆ ಮುಟ್ಟಿತು ಎಂಬುದನ್ನು ಆಚೆಯವಳೇ ಹೇಳಬೇಕು.

*

ಇಪ್ಪತ್ತನೆಯ ಶತಮಾನದ ದೊಡ್ಡ ಸುದ್ದಿಗಳೆಲ್ಲ ಈ ಇಬ್ಬರು ಹೆಂಗಸರ ನಡುವಿನ ತಾಮ್ರದ ತಂತಿಯ ಮೂಲಕ ಹಾದುಹೋದವು. ಕಿವಿಗೆ ಬಿದ್ದದ್ದನ್ನು ಆಪರೇಟರ್ ಮರೆಯಬೇಕು, ಅದು ನಿಯಮ. ತುಂಗಾ ಮರೆತಿದ್ದಾರೆ, ಇಲ್ಲವೇ ಮರೆತಂತೆ ಇದ್ದಾರೆ. ಯಾರ ಮಾತನ್ನೂ ಹೇಳುವುದಿಲ್ಲ. ದೀಪಗಳ ಬಗ್ಗೆ ಮಾತ್ರ ಹೇಳುತ್ತಾರೆ.

ಚೀನಾ ಯುದ್ಧದ ತಿಂಗಳಲ್ಲಿ ಲೈಟ್ನಿಂಗ್ ಕರೆಗಳ ದೀಪ ಆರುತ್ತಲೇ ಇರಲಿಲ್ಲ. ಮರುವರ್ಷ ನವೆಂಬರಿನ ಸಂಜೆ ಊರಂಚಿನ ತುಂಬಾ ಎಂಬಲ್ಲಿನ ಕಡಲ ತೀರದಿಂದ ಮೊದಲ ರಾಕೆಟ್ ಏರಿತು. ತುಂಗಾ ಅದೇ ಊರಿನಲ್ಲಿದ್ದರೂ ಕಿಟಕಿಯಿಲ್ಲದ ಕೋಣೆಯಲ್ಲಿ ಬೋರ್ಡಿನ ಮುಂದಿದ್ದರು. ಸುದ್ದಿ ಮುಟ್ಟಿದ್ದು ಎರ್ಣಾಕುಳಂನಿಂದ.

“ಎಡೀ ಟ್ರಿವೇಂಡ್ರಂ, ನಿಮ್ಮೂರಿನವರು ಆಕಾಶಕ್ಕೆ ಏನು ಬಳಿದರು?”

“ಯಾಕೆ?”

“ಕಿತ್ತಳೆ ಬಣ್ಣ ಆಗಿದೆ! ನಮ್ಮ ಕಿಟಕಿಯಿಂದ ಕಾಣುತ್ತಿದೆ. ನಿನಗೆ ಕಾಣಿಸುತ್ತಿಲ್ಲವಾ? ಪಾವಂ, ಪಾಪ!”

ಆ ಬಣ್ಣ ಎಂಥದೆಂದು ತುಂಗಾರಿಗೆ ಆಮೇಲೆ ವಿವರಿಸಿದವರು ಅನೇಕರು. ಅವರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಜುಬೈದಾ ‘ಕಿತ್ತಳೆ’ ಎಂದ ರೀತಿ.

ನೆಹರೂ ತೀರಿಕೊಂಡ ಮಧ್ಯಾಹ್ನ ಬೋರ್ಡಿನ ಎಲ್ಲ ದೀಪಗಳೂ ಒಟ್ಟಿಗೆ ಹತ್ತಿದವು. ಹುಡುಗಿಯರು ಅಳುತ್ತಲೇ ಹಗ್ಗ ಚುಚ್ಚಿದರು. ಅಳು ದನಿಯಲ್ಲಿ ಬರಕೂಡದು, ಅದೂ ನಿಯಮವೇ. ಎರಡು ತಟ್ಟು, ಎರಡು ತಟ್ಟು ಎಂದು ಸಾಲಿನುದ್ದಕ್ಕೂ ಪೆನ್ಸಿಲುಗಳು ಒಬ್ಬರನ್ನೊಬ್ಬರು ಸಮಾಧಾನ ಮಾಡಿದವು. ೧೯೭೧ರ ಡಿಸೆಂಬರಿನ ಯುದ್ಧದಲ್ಲಿ ಬಂದರಿನ ಊರು ಕತ್ತಲು ಮಾಡಿಕೊಂಡಾಗ ಜುಬೈದಾ ಬೋರ್ಡಿನ ದೀಪಗಳಿಗೆ ನೀಲಿ ಕಾಗದ ಅಂಟಿಸಿ ಕೆಲಸ ಮಾಡಿದರು. ತುರ್ತುಪರಿಸ್ಥಿತಿಯಲ್ಲಿ ಸಾಲಿನಲ್ಲಿ ಮೂರನೆಯ ಉಸಿರೊಂದು ಕೇಳುತ್ತಿದೆ ಎಂಬ ಗುಮಾನಿ ಇಬ್ಬರಿಗೂ. ಆಗ ಎರಡು ವರ್ಷ ಅವರು ಆಡಿಕೊಂಡದ್ದು ಒಂದರಿಂದ ಹತ್ತು ಮಾತ್ರ. “ಆದರೂ ಯಾವತ್ತು ಅವಳಿಗೆ ತಲೆನೋವು, ಯಾವತ್ತು ಗಂಡನ ಹತ್ತಿರ ಜಗಳ ಅಂತ ನನಗೆ ‘ಏಳು’ ಹೇಳುವುದರಲ್ಲೇ ಗೊತ್ತಾಗುತ್ತಿತ್ತು,” ಎನ್ನುತ್ತಾರೆ ತುಂಗಾ.

ಗಂಡ ಸಿಕ್ಕಿದ್ದೂ ತಂತಿಯಲ್ಲೇ. ರಾಕೆಟ್ ಕೇಂದ್ರಕ್ಕೆ ತಂತ್ರಜ್ಞನಾಗಿ ಬಂದ ವೀರಭದ್ರ ಪ್ರತಿ ಭಾನುವಾರ ಹುಬ್ಬಳ್ಳಿಗೆ ಕರೆ ಬುಕ್ ಮಾಡುತ್ತಿದ್ದರು, ಅದು ಸಿಗುತ್ತಲೇ ಇರಲಿಲ್ಲ. ಒಂದು ದಿನ ಕಂಗೆಟ್ಟು ತಮ್ಮಷ್ಟಕ್ಕೆ ಗೊಣಗಿಕೊಂಡರು: “ಈ ಹುಬ್ಬಳ್ಳಿ ಐತೋ ಮುಳುಗೈತೋ ಯಾರಿಗ್ಗೊತ್ತು.”

“ಮುಳುಗಲಿಲ್ಲ, ಉಂಟು. ಸ್ವಲ್ಪ ಕಾಯಿರಿ ಮಾರಾಯ್ರೇ,” ಎಂದಿತು ಸಾಲು.

ವೀರಭದ್ರರಿಗೆ ಆಮೇಲೆ ಹುಬ್ಬಳ್ಳಿ ಸಿಕ್ಕರೂ ಸಿಗದಿದ್ದರೂ ಬೇಸರವಾಗಲಿಲ್ಲ. ೧೯೬೬ರಲ್ಲಿ ಮದುವೆ. ಮದುವೆಯ ವಿಷಯ ಕಾಸರಗೋಡಿಗೂ ಹುಬ್ಬಳ್ಳಿಗೂ ಮೊದಲೇ ಎರ್ಣಾಕುಳಂಗೆ ಗೊತ್ತಿತ್ತು.

*

ಇಷ್ಟೆಲ್ಲ ಗೆಳೆತನದಲ್ಲಿ ಅವರು ಮುಖಾಮುಖಿಯಾದದ್ದು ಒಂದೇ ಸಲ, ೧೯೭೮ರಲ್ಲಿ. ತರಬೇತಿಗೆಂದು ತುಂಗಾ ಎರ್ಣಾಕುಳಂಗೆ ಹೋಗಿದ್ದರು. ದೋಣಿ ಕಟ್ಟೆಯ ಹತ್ತಿರದ ಚಹಾದಂಗಡಿಯಲ್ಲಿ ಭೇಟಿಯೆಂದು ನಿಶ್ಚಯವಾಯಿತು. ತುಂಗಾ ಹೊಸ ಸೀರೆ ಉಟ್ಟು ಹೋದರು. ಜುಬೈದಾ ಮಲ್ಲಿಗೆ ತಂದಿದ್ದರು.

ಭೇಟಿ ಪೂರ್ತಿ ಕೆಟ್ಟುಹೋಯಿತು. ತುಂಗಾ ಊಹಿಸಿಕೊಂಡಿದ್ದು ಸಣ್ಣ ಮೈಕಟ್ಟಿನ, ದೊಡ್ಡ ಕಣ್ಣಿನ ಹುಡುಗಿಯನ್ನು. ಎದುರಿಗೆ ಕುಳಿತಿದ್ದುದು ಎತ್ತರದ, ದಪ್ಪ ಕನ್ನಡಕದ, ಕೈಗಡಿಯಾರ ನೋಡಿಕೊಳ್ಳುವ ಹೆಂಗಸು. ದನಿ ಅದೇ, ಆದರೆ ಅದು ಆ ಬಾಯಿಯಿಂದ ಬರುವುದನ್ನು ನೋಡಿದರೆ ಯಾರೋ ಕದ್ದು ಆಡುತ್ತಿರುವಂತೆ. ಪಳಂಪೊರಿಯ ತಟ್ಟೆ ಬಂತು. ಬಾಳೆಹಣ್ಣಿನ ಆ ಬೋಂಡವನ್ನು ಇಬ್ಬರೂ ಬಹಳ ಮರ್ಯಾದೆಯಿಂದ ತಿಂದರು. “ಚಹಾ ಚೆನ್ನಾಗಿದೆ.” “ಹೌದು, ಚೆನ್ನಾಗಿದೆ.” “ಸೆಕೆ ಹೆಚ್ಚು.” “ನಮ್ಮಲ್ಲೂ.” ದೋಣಿ ಬಂತು. ಇಬ್ಬರಿಗೂ ಬಿಡುಗಡೆಯಾಯಿತು.

ತರಬೇತಿ ಮುಗಿಸಿ ತುಂಗಾ ಬೋರ್ಡಿಗೆ ಮರಳಿದ ದಿನ ಎರ್ಣಾಕುಳಂ ಹತ್ತರವರೆಗೆ ಎಣಿಸಿ, ತುಸು ತಡೆದು, ಹೇಳಿತು: “ಎಡೀ, ಮೊನ್ನೆ ನಿನ್ನ ಹೆಸರು ಹೇಳಿಕೊಂಡು ಒಬ್ಬಳು ಬಂದಿದ್ದಳು. ಏನು ಬೋರು ಹೆಂಗಸು! ಮತ್ತೆ ಕುಳ್ಳಿ. ನಿನ್ನ ದನಿಗೆ ಆರಡಿ ಎತ್ತರ ಉಂಟು.”

“ನನಗೂ ಒಬ್ಬಳು ಸಿಕ್ಕಿದ್ದಳು,” ಎಂದರು ತುಂಗಾ. “ಅವಳಿಗೆ ನಿನ್ನ ದನಿಯನ್ನು ಯಾರು ಕೊಟ್ಟರೋ!”

ಇಬ್ಬರೂ ನಕ್ಕ ನಗೆಗೆ ಕಮಲ ಮೇಡಂ ಎರಡು ಊರಿನಲ್ಲೂ ಇದ್ದಿದ್ದರೆ ಎರಡು ಊರಿನಲ್ಲೂ ಮೆಮೋ ಸಿಗುತ್ತಿತ್ತು. ಸಿಕ್ಕಿದ್ದು ತುಂಗಾರಿಗೆ ಮಾತ್ರ. ಅಂದೇ ಒಪ್ಪಂದವಾಯಿತು: ಇನ್ನು ಮುಖ ಬೇಡ, ದನಿ ಸಾಕು. ಮಕ್ಕಳ ಮದುವೆಗೂ ಒಬ್ಬರ ಮನೆಗೊಬ್ಬರು ಹೋಗಲಿಲ್ಲ. ವೀರಭದ್ರ ತೀರಿಕೊಂಡಾಗಲೂ ಜುಬೈದಾ ಬರಲಿಲ್ಲ. ಆದರೆ ಅಂದಿನಿಂದ ತಿಂಗಳು ಪೂರ್ತಿ ಪ್ರತಿ ಸಂಜೆ ಫೋನು ಮಾಡಿದರು, ಬಹಳಷ್ಟು ಸಲ ಮಾತಿಲ್ಲದೆ.

ಎಂಬತ್ತರ ದಶಕದ ಕೊನೆಗೆ ಬೀದಿ ಬೀದಿಯಲ್ಲಿ ಹಳದಿ ಎಸ್‌ಟಿಡಿ ಬೂತುಗಳು ಬಂದವು. ಜನ ತಾವೇ ನಂಬರು ತಿರುಗಿಸಿ ಊರೂರಿಗೆ ಮಾತಾಡಿದರು. ಬೋರ್ಡಿನ ದೀಪಗಳು ಒಂದೊಂದಾಗಿ ಹತ್ತುವುದನ್ನು ಬಿಟ್ಟವು. ಶತಮಾನ ಮುಗಿಯಿತು, ಮರುವರ್ಷ ತುಂಗಾ ನಿವೃತ್ತರಾದರು, ಅದರ ಮರುವರ್ಷ ಜುಬೈದಾ. ಶನಿವಾರದ ಕರೆ ಶುರುವಾದದ್ದು ಆಮೇಲೆ.

*

“ಫೋರ್ಟ್ ಕೊಚ್ಚಿಗೆ ಹೋಗಿ ಎಂತ ಮಾಡ್ತೀಯ ಅಮ್ಮ?” ಸುಜನ್ ಕೇಳಿದ. ವಿಳಿಂಜಂ ಬಂದರಿನಲ್ಲಿ ಅವನ ಕೆಲಸ. ಇಡೀ ದಿನ ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕ್ರೇನುಗಳೊಡನೆ ಮಾತಾಡಿ ಮನೆಯಲ್ಲಿ ಮೌನವಾಗಿರಬಯಸುವವನು. “ಅವರಿಗೆ ಕೇಳುವುದಿಲ್ಲ. ಮಾತಾಡುವುದಿಲ್ಲ. ನಿಮಗಿಬ್ಬರಿಗೆ ಮುಖ ನೋಡಿದರೆ ಆಗುವುದಿಲ್ಲ. ಮತ್ತೇನು ಉಳಿಯಿತು?”

“ಅದನ್ನೇ ನೋಡಿ ಬರುವ ಅಂತ.”

“ವಿಡಿಯೋ ಕಾಲ್ ಮಾಡಿದ್ದೆವಲ್ಲ.”

ಮಾಡಿದ್ದರು. ಪರದೆಯ ಮೇಲೆ ಕನ್ನಡಕದ ಮುದುಕಿಯೊಬ್ಬರು ಬಂದು ಕೈಬೀಸಿ ಹೋಗಿದ್ದರು. “ಅದು ಆ ಎಪ್ಪತ್ತೆಂಟನೇ ಇಸವಿಯವಳು,” ಎಂದಿದ್ದರು ತುಂಗಾ. “ನನ್ನವಳಲ್ಲ.”

ಅವರಿಗೆ ಭಯ ಇದ್ದುದೂ ಅದೇ. ಜುಬೈದಾ ಬದುಕಿದ್ದಾರೆ, ಉಣ್ಣುತ್ತಾರೆ, ಪೇಪರು ಓದುತ್ತಾರೆ. ಆದರೆ ತುಂಗಾ ಅರವತ್ತು ವರ್ಷ ಬಲ್ಲವಳು ಆ ದೇಹದೊಳಗೆ ಇನ್ನೂ ಇದ್ದಾಳೆಯೇ? ದನಿ ಹೋದರೆ ತಮ್ಮ ನಡುವೆ ಇದ್ದದ್ದೆಲ್ಲ ಹೋದಂತೆಯೇ?

ಬೆಳಗಿನ ಜನಶತಾಬ್ದಿ ರೈಲಿನಲ್ಲಿ ಸುಜನ್ ಕೂರಿಸಿದ. ಎರ್ಣಾಕುಳಂನಲ್ಲಿ ಮೊಮ್ಮಗಳು ಮೇಧಾ ಇಳಿಸಿಕೊಂಡಳು. ಅವಳು ಅಲ್ಲಿ ಓದುತ್ತಾಳೆ, ಕಲೂರಿನ ಪಿ.ಜಿ.ಯೊಂದರಲ್ಲಿ ವಾಸ. ಅಜ್ಜಿಯ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ಭಾಷೆಯಲ್ಲಿ.

“ಅಜ್ಜೀ, ಬ್ಯಾಗ್ ಇಂಗ್ ತಾ. ಇದೆಂದಾ ಇತ್ರ ವೆಯ್ಟ್?”

“ಹಲಸಿನ ಹಪ್ಪಳ. ಮೆಲ್ಲ ಹಿಡಿ, ಒಡೆಯುತ್ತದೆ. ನಿನಗಲ್ಲ.”

“ನಾಟ್ ಈವನ್ ಒನ್?”

“ಒಂದು.”

ಹೈಕೋರ್ಟ್ ಕಟ್ಟೆಯಿಂದ ವಾಟರ್ ಮೆಟ್ರೊ ಹತ್ತಿದರು. ಏಸಿ ದೋಣಿ, ಸದ್ದೇ ಇಲ್ಲ. ಗಾಜಿನಾಚೆ ಹಡಗುಗಳು, ನೌಕಾಪಡೆಯ ಬೂದು ಗೋಡೆಗಳು, ದೂರದಲ್ಲಿ ಚೀನೀ ಬಲೆಗಳು. ನೀಲಿ ಕಾಗದ ಅಂಟಿಸಿದ್ದು ಈ ಊರಿನಲ್ಲಿ ಎಂದು ತುಂಗಾ ಹೇಳಿದರು. ಮೇಧಾ ಅಜ್ಜಿಯ ಕೈ ಹಿಡಿದುಕೊಂಡಳು.

ಜುಬೈದಾರ ಮನೆಯ ಮಹಡಿಯಲ್ಲಿ ಈಗ ಹೋಂಸ್ಟೇ. ಕೆಳಗೆ ಮನೆಯವರು. ರಮ್ಲತ್ ಬಾಗಿಲಲ್ಲೇ ತುಂಗಾರ ಕೈ ಹಿಡಿದು, ಒಳಗೆ ಕರೆಯುವ ಮೊದಲೇ, ತಗ್ಗಿದ ದನಿಯಲ್ಲಿ ಹೇಳಿಬಿಟ್ಟಳು: “ಜ್ವರ ಬಿಟ್ಟ ಮೇಲೆ ಒಂದು ಸಲ ಮಾತಾಡಿದ್ದರು ಆಂಟಿ. ಮೇಲಿನ ಗೆಸ್ಟು ತಿಂಡಿಗೆ ಕೂತಿದ್ದರು. ಉಮ್ಮ ನನ್ನ ಹತ್ತಿರ ಸಕ್ಕರೆ ಕೇಳಿದರು. ಕೇಳಿದ್ದಲ್ಲ, ಕಿರುಚಿದ್ದು. ಅವರಿಗೇ ಗೊತ್ತಿಲ್ಲ. ನನ್ನ ಚಿಕ್ಕವಳು ಕಿವಿ ಮುಚ್ಚಿಕೊಂಡಳು. ಉಮ್ಮ ಅದನ್ನು ನೋಡಿದರು. ಅವತ್ತಿನಿಂದ ಇಲ್ಲ.”

ತುಂಗಾ ಹೊಸ್ತಿಲಲ್ಲೇ ನಿಂತರು. ಇಡೀ ಪ್ರಯಾಣದಲ್ಲಿ ಅವರು ಮುದಿತನ, ಮರೆವು, ಮುನಿಸು ಎಲ್ಲವನ್ನೂ ಯೋಚಿಸಿದ್ದರು. ಇದನ್ನು ಯೋಚಿಸಿರಲಿಲ್ಲ. ಯೋಚಿಸಬೇಕಿತ್ತು. ತಲೆಯ ಪಟ್ಟಿಯಲ್ಲಿ ತನ್ನ ದನಿ ತನಗೆ ಕೇಳದಿದ್ದರೆ ಯಾವ ಆಪರೇಟರೂ ಬಾಯಿ ತೆರೆಯುವುದಿಲ್ಲ.

ಜುಬೈದಾ ಬಂದರು. ತಲೆಗೆ ಹೊದ್ದ ಬಿಳಿಯ ತಟ್ಟಂ, ಅದೇ ಎತ್ತರ, ಇನ್ನೂ ದಪ್ಪ ಕನ್ನಡಕ. ಇಬ್ಬರೂ ನಕ್ಕರು, ನೆಂಟರು ನಗುವ ಹಾಗೆ. ಎದುರುಬದುರು ಕುರ್ಚಿ. ಪಳಂಪೊರಿ ಬಂತು. ತುಂಗಾರಿಗೆ ನಗು ಬಂದರೂ ಅದನ್ನು ಹೇಳುವುದು ಹೇಗೆ? ಜುಬೈದಾ ಸ್ಲೇಟಿನಲ್ಲಿ ಬರೆದರು: ‘ಪ್ರಯಾಣ ಸುಖವಾಗಿತ್ತೇ?’ ತುಂಗಾ ತಲೆಯಾಡಿಸಿದರು. ಮೇಧಾ ಫೋನಿನಲ್ಲಿ ದಪ್ಪ ಅಕ್ಷರಗಳಲ್ಲಿ ಮಲಯಾಳ ಟೈಪು ಮಾಡಿ ತೋರಿಸಿದಳು. ಜುಬೈದಾ ಓದಿದರು, ಅವಳ ಗಲ್ಲ ಸವರಿದರು. ಹಪ್ಪಳದ ಕಟ್ಟು ಕೈ ಬದಲಾಯಿತು. ಜುಬೈದಾ ಗೋಡೆಯ ಗಡಿಯಾರ ನೋಡಿದರು. ೧೯೭೮ರಲ್ಲಿ ನೋಡಿದ್ದ ಹಾಗೆಯೇ.

“ಅಜ್ಜೀ, ನೆಕ್ಸ್ಟ್ ಬೋಟಿಗೆ ಹೋಗೋಣವಾ?” ಮೇಧಾ ಮೆಲ್ಲಗೆ ಕೇಳಿದಳು. ಕೇಳಿದ್ದು ಕನ್ನಡದಲ್ಲಿ. ಅಜ್ಜಿಯ ಮುಖ ಅಷ್ಟು ಸೋತಿತ್ತು.

ತುಂಗಾ ಜುಬೈದಾರ ಬಲಗೈಯನ್ನು ನೋಡುತ್ತಿದ್ದರು. ಸ್ಲೇಟಿನ ಕಡ್ಡಿ ಎರಡು ಬೆರಳುಗಳ ನಡುವೆ, ತುದಿ ಕೆಳಗಾಗಿ, ಏನನ್ನೋ ತಟ್ಟಲು ಸಿದ್ಧವಾದಂತೆ ನಿಂತಿತ್ತು. ಬರೆಯುವವರು ಕಡ್ಡಿಯನ್ನು ಹಾಗೆ ಹಿಡಿಯುವುದಿಲ್ಲ.

“ರಮ್ಲತ್,” ತುಂಗಾ ಎದ್ದರು, “ಈ ಕುರ್ಚಿಗಳನ್ನು ತಿರುಗಿಸು. ಎರಡನ್ನೂ. ಗೋಡೆಯ ಕಡೆಗೆ.”

“ಗೋಡೆಗಾ? ಕಿಟಕಿಯ ಕಡೆಗೆ ಹಾಕ್ತೇನೆ ಆಂಟಿ, ಕಡಲು ಕಾಣ್ತದೆ.”

“ಕಡಲು ಬೇಡ. ಗೋಡೆ.”

ಮೇಧಾಳೂ ರಮ್ಲತ್‌ಳೂ ಮುಖ ಮುಖ ನೋಡಿಕೊಂಡು ಕುರ್ಚಿ ತಿರುಗಿಸಿದರು. ಮುದುಕಿಯರಿಬ್ಬರೂ ಭುಜಕ್ಕೆ ಭುಜ ತಾಗಿಸಿ, ಸಹಕಾರಿ ಬ್ಯಾಂಕಿನ ಕ್ಯಾಲೆಂಡರೊಂದು ತೂಗುತ್ತಿದ್ದ ಸುಣ್ಣದ ಗೋಡೆಯನ್ನು ನೋಡುತ್ತ ಕುಳಿತರು. ಈಗ ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. ತುಂಗಾ ಗೆಳತಿಯ ಬೆರಳುಗಳಿಂದ ಕಡ್ಡಿಯನ್ನು ತೆಗೆದುಕೊಂಡರು. ಎಡಗೈಯಿಂದ ಅವರ ಮಣಿಕಟ್ಟನ್ನು ತಮ್ಮ ಮಡಿಲಿಗೆ ಎಳೆದುಕೊಂಡರು. ಒಂದರಿಂದ ಐದು ತಮ್ಮೊಳಗೇ ಎಣಿಸಿ, ಆ ಮಣಿಕಟ್ಟಿನ ಮೇಲೆ ಉಗುರಿನಿಂದ ಒಂದು ಗೀರು ಎಳೆದರು.

ಮುಂದೆ ಹೋಗು.

ಏನೂ ಆಗಲಿಲ್ಲ. ಮಣಿಕಟ್ಟು ಮಾತ್ರ ಬಿಗಿಯಿತು. ತುಂಗಾ ಮತ್ತೊಂದು ಗೀರು ಎಳೆದರು. ಗೋಡೆಯನ್ನು ನೋಡುತ್ತಲೇ ಇದ್ದರು.

“ಆರು!”

ಅದು ದನಿಯಲ್ಲ, ಸಿಡಿತ. ಹಂಚಿನ ಮೇಲಿಂದ ಕಾಗೆ ಹಾರಿತು. ಮಹಡಿಯ ಮೆಟ್ಟಿಲಲ್ಲಿ ಬಿಳಿಯ ಪ್ರವಾಸಿಯೊಬ್ಬ ಬಗ್ಗಿ ನೋಡಿದ. ಜುಬೈದಾ ಯಾರ ಕಡೆಗೂ ತಿರುಗಲಿಲ್ಲ, ಆದರೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ನೋಡಿದರು. ತುಂಗಾ ಬಿಡಲಿಲ್ಲ. ಕಡ್ಡಿಯಿಂದ ಎರಡು ತಟ್ಟು.

ಮೆಲ್ಲಗೆ.

ಈ ಸಲ ತಡವಾಯಿತು. ಮೆಟ್ಟಿಲ ಮೇಲಿದ್ದವನಿಗೆ ರಮ್ಲತ್ ಕೈಸನ್ನೆಯಲ್ಲಿ ಹೋಗೆಂದಳು. ಜುಬೈದಾರ ತುಟಿ ಅಲುಗಿತು, “ಏಳು” ಎಂಬುದು ಬರಿಯ ಉಸಿರಾಗಿ ಹೊರಬಂತು. ಒಂದು ತಟ್ಟು, ಜೋರಾಗಿ. “ಎಂಟು.” ಇನ್ನೊಂದು ತಟ್ಟು. “ಒಂಬತ್ತು.” ತುಂಗಾ ಕಣ್ಣು ಮುಚ್ಚಿದರು. ಆಳವಾದ ಬಾವಿಯಿಂದ ಕೊಡ ಮೇಲೆ ಬರುವಂತೆ, ತುಸು ಓಲಾಡುತ್ತ, ಅಂಚಿನಲ್ಲಿ ತುಳುಕುತ್ತ, ಅದು ಬರುತ್ತಿತ್ತು.

“ಹತ್ತು.”

ಗೀರು.

ಜುಬೈದಾ ಗೋಡೆಗೆ, ಕ್ಯಾಲೆಂಡರಿಗೆ, ಮಾಗಿದ ಅವಸರವಿಲ್ಲದ ದನಿಯಲ್ಲಿ ಹೇಳಿದರು: “ಎಡೀ ಟ್ರಿವೇಂಡ್ರಂ. ನೀನು ಇನ್ನೂ ಕುಳ್ಳಗೇ ಇದ್ದೀಯಲ್ಲ.”

ರಮ್ಲತ್ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಸುಮ್ಮಸುಮ್ಮನೆ ಪಾತ್ರೆಗಳ ಸದ್ದು ಮಾಡುವುದು ಕೇಳಿಸಿತು.

ಆಮೇಲೆ ಜುಬೈದಾ ನಿಲ್ಲಿಸಲಿಲ್ಲ. ಮಳೆಗಾಲದಿಂದ ಕೂಡಿಟ್ಟದ್ದೆಲ್ಲ ಹೊರಬಂತು: ರಮ್ಲತ್‌ಳ ಸಾಂಬಾರಿನಲ್ಲಿ ಉಪ್ಪು ಸಾಲದು, ಆದರೆ ಹುಡುಗಿ ಒಳ್ಳೆಯವಳು, ಮಹಡಿಯ ಬಿಳಿಯ ಪ್ರವಾಸಿ ಅರ್ಧ ಚಡ್ಡಿಯಲ್ಲೇ ಊಟಕ್ಕೆ ಬರುತ್ತಾನೆ, ಕಿವಿಯಿಲ್ಲದಿದ್ದರೆ ಮಸೀದಿಯ ಬಾಂಗೂ ಇಲ್ಲ, ಹೊತ್ತು ತಿಳಿಯಲು ಗಡಿಯಾರವೇ ಗತಿ, ಅದಕ್ಕೇ ಪದೇ ಪದೇ ನೋಡುವುದು, ತಪ್ಪು ತಿಳಿಯಬೇಡ. ದನಿ ಏರಿದಾಗ ಎರಡು ತಟ್ಟು, ಇಳಿದಾಗ ಒಂದು. ತುಂಗಾರಿಗೆ ಹೇಳಲು ರಾಶಿ ಇತ್ತು, ಹೇಳಿ ಪ್ರಯೋಜನವಿರಲಿಲ್ಲ. ಬದುಕಿನಲ್ಲಿ ಮೊದಲ ಸಲ ಮಾತೆಲ್ಲ ಎರ್ಣಾಕುಳಂನದು, ಟ್ರಿವೇಂಡ್ರಂಗೆ ಕಡ್ಡಿ ಮಾತ್ರ.

ದೋಣಿಯೊಂದು ಹೋಯಿತು. ಇನ್ನೊಂದೂ ಹೋಯಿತು. ಮೇಧಾ ನೆಲದ ಮೇಲೆ ಕುಳಿತು ಹಪ್ಪಳದ ಕಟ್ಟು ಬಿಚ್ಚಿದಳು.

*

ಈಗ ಶನಿವಾರದ ಕರೆ ಮತ್ತೆ ನಡೆಯುತ್ತಿದೆ. ಫೋರ್ಟ್ ಕೊಚ್ಚಿಯಲ್ಲಿ ರಮ್ಲತ್ ಅತ್ತೆಯ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಾಳೆ. ತುಂಗಾ ಹೇಳಿದ್ದನ್ನು ಸ್ಲೇಟಿನಲ್ಲಿ ಬರೆದು ತೋರಿಸುತ್ತಾಳೆ. ಜುಬೈದಾ ಮಾತಾಡುವಾಗ ತಿರುವನಂತಪುರದಿಂದ “ಎರಡು” ಎಂದರೆ ಮಣಿಕಟ್ಟಿಗೆ ಎರಡು ತಟ್ಟುತ್ತಾಳೆ, “ಒಂದು” ಎಂದರೆ ಒಂದು. ಮೊದಲ ವಾರ ಅವಸರದಲ್ಲಿ ತಿರುಗುಮುರುಗು ಮಾಡಿದಳು, ಬೀದಿಯವರೆಲ್ಲ ಜುಬೈದಾರ ಮೊಣಕಾಲಿನ ಸ್ಥಿತಿ ತಿಳಿದುಕೊಂಡರು. ಈಗ ಕೈ ಪಳಗಿದೆ. ಬರೆಯಲು ಇಷ್ಟವಿಲ್ಲದ್ದನ್ನು ಅವಳು ಬರೆಯುವುದಿಲ್ಲ ಎಂದು ತುಂಗಾರಿಗೆ ಅನುಮಾನವಿದೆ, ಮುಖ್ಯವಾಗಿ ಉಪ್ಪಿನ ವಿಷಯ.

“ಅವರ ಸೊಸೆ ಹೇಗೆ ಕೆಲಸ ಮಾಡ್ತಿದ್ದಾಳೆ?” ಎಂದು ಸುಜನ್ ಕೇಳಿದ, ಬಂದರಿಗೆ ಹೊರಡುವ ಮುನ್ನ ಶೂ ಕಟ್ಟುತ್ತ.

“ಹೊಸಬಳು. ಆದರೆ ಕಿವಿ ಉಂಟು,” ಎಂದರು ತುಂಗಾ.

ರಿಸೀವರಿನಲ್ಲಿ ಜುಬೈದಾರ ದನಿ ಯಾರದೋ ಮದುವೆಯ ಬಿರಿಯಾನಿಯ ಮೇಲೆ ಹರಿಯುತ್ತಿತ್ತು. ನಡುವೆ ರಮ್ಲತ್‌ಳ ಸಣ್ಣ ದನಿ ತೂರಿ ಬಂತು. ಯಾರು ಹೇಳಿಕೊಟ್ಟರೋ, ತುಂಗಾ ಅಲ್ಲ.

“ತ್ರೀ ಮಿನಿಟ್ಸ್ ಆಂಟಿ. ಎಕ್ಸ್‌ಟೆಂಡ್ ಮಾಡುವುದೇ?”

ತುಂಗಾ ಮೌತ್‌ಪೀಸಿನ ಮೇಲೆ ಉಗುರಿನಿಂದ ಉದ್ದಕ್ಕೆ ಒಂದು ಗೀರು ಎಳೆದರು.